ಘನ ಅಡಿಯ ನೀರಿಗೆ ಗ್ಯಾಲನ್ ಲೆಕ್ಕದ ಔಷಧ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು, ಮಸ್ಕಿ ಕಡೆಯ ಚಹಾದಂಗಡಿಗಳಲ್ಲಿ ಮಾತೆಲ್ಲ ಗೇಜಿನದೇ. 69ನೇ ಮೈಲಿಗೆ ಎಷ್ಟು ಅಡಿ ಐತಿ, 104ಕ್ಕೆ ಎಷ್ಟು ಮುಟ್ಟೇತಿ, ಡ್ಯಾಮಿನ್ಯಾಗ ಇನ್ನ ಎಷ್ಟು ಟಿಎಂಸಿ ಉಳದೈತಿ? ಶಾಲೆಯ ಮೆಟ್ಟಿಲು ಹತ್ತದ ರೈತನೂ ಈ ಅಂಕಿಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾನೆ. ಆದರೆ ಅದೇ ರೈತನ ಮೊಮ್ಮಗ ಪಡಸಾಲೆಯಲ್ಲಿಟ್ಟ ಗಾಜಿನ ತೊಟ್ಟಿಯ ಗೋಲ್ಡ್‌ಫಿಶ್‌ಗೆ ಬಿಳಿಚುಕ್ಕೆ ರೋಗ ಬಂದರೆ ಮನೆಮಂದಿಯೆಲ್ಲ ತಬ್ಬಿಬ್ಬು. ಔಷಧದ ಬಾಟಲಿಯ ಮೇಲೆ ‘10 ಗ್ಯಾಲನ್‌ಗೆ ಇಷ್ಟು’ ಎಂದಿರುತ್ತದೆ. ತೊಟ್ಟಿ ಮಾರಿದವನು ಹೇಳಿದ್ದು ‘ಎರಡು ಅಡಿ, ಒಂದು ಅಡಿ, ಒಂದು ಅಡಿ’ ಎಂದು. ನೀರು ತುಂಬಿದ್ದು ಕೊಡದ ಲೆಕ್ಕದಲ್ಲಿ.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ತೊಟ್ಟಿ ಅಂಗಡಿಯವನ ‘ಎರಡು-ಒಂದು-ಒಂದು’ ಗುಣಿಸಿದರೆ ಬರುವುದೂ ಎರಡು ಘನ ಅಡಿಯೇ. ಒಂದು ಘನ ಅಡಿಗೆ 28.3 ಲೀಟರ್. ಎಡದಂಡೆ ಕಾಲುವೆಯ ತಲೆಯಲ್ಲಿ ಬಿಡುವ 4,100 ಕ್ಯೂಸೆಕ್‌ನಲ್ಲಿ ಒಂದೇ ಒಂದು ಕ್ಯೂಸೆಕ್ ತಿರುಗಿಸಿದರೂ ಈ ತೊಟ್ಟಿ ಎರಡು ಸೆಕೆಂಡಿನಲ್ಲಿ ತುಂಬಿ ಚೆಲ್ಲುತ್ತದೆ. ಮೀನು ಸಾಕಲು ಬೇಕಾದ ಮೂಲ ಲೆಕ್ಕ ನಮ್ಮ ಭಾಗದ ಜನರ ಬಾಯಲ್ಲಿ ಎರಡು ತಲೆಮಾರಿನಿಂದ ಇದೆ. ಅದನ್ನು ಪಡಸಾಲೆಯವರೆಗೆ ತಂದುಕೊಡುವವರು ಮಾತ್ರ ಇಲ್ಲ.

ಘನ ಅಡಿ ಇಲ್ಲಿಗೆ ಬಂದದ್ದು ಅಣೆಕಟ್ಟಿನ ಎಂಜಿನಿಯರುಗಳ ಜೊತೆ. 1945ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಸೇರಿ ತುಂಗಭದ್ರೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ಬಳಕೆಗೆ ಬಂತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ತೂಕ ಮತ್ತು ಅಳತೆಯ ಕಾಯ್ದೆ ಮಾಡಿ ಮೆಟ್ರಿಕ್ ಪದ್ಧತಿಯನ್ನು ದೇಶಕ್ಕೆಲ್ಲ ಒಂದೇ ಅಳತೆಯಾಗಿ ಒಪ್ಪಿತು. 1958ರಿಂದ ಅದು ಹಂತಹಂತವಾಗಿ ಸಂತೆಗಳಿಗೆ ಇಳಿಯಿತು. ಸೇರು ಹೋಗಿ ಕಿಲೋ ಬಂತು, ಗಜ ಹೋಗಿ ಮೀಟರ್ ಬಂತು. ಕಾಲುವೆಗೆ ಮಾತ್ರ ಯಾವುದೂ ತಟ್ಟಲಿಲ್ಲ. 227 ಕಿಲೋಮೀಟರಿನ ಕಾಲುವೆ ಇಂದಿಗೂ ಮೈಲಿನ ಲೆಕ್ಕದಲ್ಲೇ ಮಾತಿಗೆ ಸಿಗುತ್ತದೆ, ಡ್ಯಾಂ ತುಂಬಿತೆಂದರೆ 1,633 ಅಡಿ. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ಬರೆದದ್ದೂ ಟಿಎಂಸಿಯಲ್ಲೇ. ಪಾಲುಪತ್ರ ಬರೆದ ಅಳತೆಯನ್ನು ಆಮೇಲೆ ಯಾರು ಮುಟ್ಟುತ್ತಾರೆ? ಘನ ಅಡಿ ಹೀಗೆ ಉಳಿದುಕೊಂಡಿತು, ನನಗೆ ಅದರ ಬಗ್ಗೆ ತಕರಾರಿಲ್ಲ. ಗೇಜಿನ ಅಂಕಿ ನೋಡಿ ತನ್ನ ಹೊಲಕ್ಕೆ ನೀರು ಮುಟ್ಟುತ್ತದೋ ಇಲ್ಲವೋ ಎಂದು ಹೇಳಬಲ್ಲ ರೈತರು, ಗ್ಯಾಂಗ್‌ಮನ್‌ಗಳು ಇನ್ನೂ ಇದ್ದಾರೆ. ಆ ಬಲ್ಲವಿಕೆ ಅವರ ನಂತರದವರಿಗೆ ದಾಟುತ್ತಿಲ್ಲ ಎಂಬುದೇ ನನ್ನ ಸಂಕಟ.

ನನ್ನ ಸಿಟ್ಟೆಲ್ಲ ಗ್ಯಾಲನ್ ಮೇಲೆ. ಅದರ ಚರಿತ್ರೆ ಕೆದಕಿದಾಗ ಸಿಕ್ಕಿದ ಲಂಡನ್ನಿನ ಒಂದು ವ್ಯಾಜ್ಯವನ್ನು ಇಲ್ಲಿ ಹೇಳಲೇಬೇಕು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ದ್ರಾಕ್ಷಾರಸಕ್ಕೆ 231 ಘನ ಇಂಚಿನ ಗ್ಯಾಲನ್, ಬಿಯರಿಗೆ 282 ಘನ ಇಂಚಿನ ಗ್ಯಾಲನ್ ಬಳಕೆಯಲ್ಲಿತ್ತು. 1688ರಲ್ಲಿ ಅನುಮಾನ ಹುಟ್ಟಿ ಗಿಲ್ಡ್‌ಹಾಲ್‌ನಲ್ಲಿಟ್ಟಿದ್ದ ಮಾದರಿ ಪಾತ್ರೆಯನ್ನು ಅಳೆದರು. ಹಾಗೆ ಅಳೆಯುವಾಗ ಖಗೋಳ ವಿಜ್ಞಾನಿಗಳಾದ ಫ್ಲ್ಯಾಮ್‌ಸ್ಟೀಡ್ ಮತ್ತು ಹ್ಯಾಲಿ ಇಬ್ಬರೂ ಎದುರಿಗಿದ್ದರು. ಪಾತ್ರೆ ಹಿಡಿದದ್ದು 231 ಅಲ್ಲ, ಬರೀ 224 ಘನ ಇಂಚು! ವ್ಯಾಪಾರಿಗಳು ಈ ಸಣ್ಣ ಅಳತೆಯಲ್ಲೇ ಮಾರಲು ಅನುಮತಿ ಕೇಳಿದರು. ಬಳಕೆಯ ಅಳತೆ ಬಿಟ್ಟು ಹೊರಟರೆ ರಾಜನ ಬೊಕ್ಕಸಕ್ಕೇ ನಷ್ಟವಾದೀತು, ಇದ್ದದ್ದು ಇರಲಿ ಎಂದ ಅಟಾರ್ನಿ ಜನರಲ್. 1700ರಲ್ಲಿ ಥಾಮಸ್ ಬಾರ್ಕರ್ ಎಂಬ ವರ್ತಕ ಸ್ಪೇನಿನ ಅಲಿಕಾಂತೆಯಿಂದ 60 ದೊಡ್ಡ ಪೀಪಾಯಿ ದ್ರಾಕ್ಷಾರಸ ತರಿಸಿ, ದೊಡ್ಡ ಗ್ಯಾಲನ್ನಿನ ಲೆಕ್ಕದಲ್ಲಿ ಕಡಿಮೆ ಸುಂಕ ಕಟ್ಟಿದ. ಸರ್ಕಾರ ದಾವೆ ಹೂಡಿತು. ಕಾನೂನಿನ ಪ್ರಕಾರ ಖಜಾನೆಯಲ್ಲಿರುವ ಮಾದರಿ ಗ್ಯಾಲನ್ ದೊಡ್ಡದೇ ಎಂದು ಬಾರ್ಕರ್ ವಾದಿಸಿದ. ವಾದ ಗಂಟೆಗಟ್ಟಲೆ ನಡೆದ ಮೇಲೆ ಸರ್ಕಾರವೇ ಹಿಂದೆ ಸರಿಯಿತು. 231 ಘನ ಇಂಚು ಎಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ! ಆ ಲೋಪ ಮುಚ್ಚಲೆಂದೇ ರಾಣಿ ಆನ್ ಆಳ್ವಿಕೆಯಲ್ಲಿ ಶಾಸನವಾಗಿ, 1707ರಿಂದ ದ್ರಾಕ್ಷಾರಸದ ಗ್ಯಾಲನ್ 231 ಘನ ಇಂಚೆಂದು ಗಟ್ಟಿಯಾಯಿತು.

ಈ ಕಥೆಯನ್ನೆಲ್ಲ ವಿವರವಾಗಿ ದಾಖಲಿಸಿದವರಲ್ಲಿ ಒಬ್ಬರು, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆಡಮ್ಸ್. ಅಳತೆಗಳ ಕುರಿತ ಅವರ ವರದಿ 1821ರದು. ಅಮೆರಿಕ ರಾಣಿ ಆನ್ ಕಾಲದ ಗ್ಯಾಲನ್ನನ್ನೇ ಉಳಿಸಿಕೊಂಡಿತು: 3.785 ಲೀಟರ್. ಬ್ರಿಟನ್ 1824ರಲ್ಲಿ ಹಳೆಯದೆಲ್ಲ ಕೈಬಿಟ್ಟು, 10 ಪೌಂಡ್ ತೂಗುವ ನೀರಿಗೆ ಒಂದು ಗ್ಯಾಲನ್ ಎಂದಿತು: 4.546 ಲೀಟರ್. ಎರಡಕ್ಕೂ ಒಂದೇ ಹೆಸರು, ನಡುವಿನ ಅಂತರ ಐದರಲ್ಲಿ ಒಂದು ಪಾಲು. ಇಂದು ನಮ್ಮ ಅಂಗಡಿಗಳಿಗೆ ಬರುವ ಬಾಟಲಿ ಯಾವ ದೇಶದ್ದು ಎಂಬುದರ ಮೇಲೆ ಡೋಸು ಬದಲಾಗುತ್ತದೆ. ತಾಮ್ರ ಬೆರೆತ ಔಷಧವಾದರೆ ಇಷ್ಟು ವ್ಯತ್ಯಾಸವೂ ಭಾರವೇ. ಬೇಕಾದ ಪ್ರಮಾಣಕ್ಕೂ ಮೀನನ್ನೇ ಕೊಲ್ಲುವ ಪ್ರಮಾಣಕ್ಕೂ ಅಲ್ಲಿ ಹೆಚ್ಚು ಅಂತರವಿಲ್ಲ.

ಮಾನ ಹೇಳದ ಸಂಖ್ಯೆ ಎಷ್ಟು ಕಾಡುತ್ತದೆ ಎನ್ನುವುದು ಮಸ್ಕಿಯವರಿಗೆ ಹೊಸದಾಗಬಾರದು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಇಲ್ಲಿನ ಶಾಸನ ಅಶೋಕನ ಹೆಸರನ್ನೇ ಹೇಳಿ ಜಗತ್ಪ್ರಸಿದ್ಧವಾಯಿತು. ಅದರ ಜೊತೆಗಾರ ಶಾಸನಗಳಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ, 256 ಎಂಬ ಅಂಕಿ ಇದೆ. ಬುದ್ಧನ ನಿರ್ವಾಣದಿಂದ ಅಷ್ಟು ವರ್ಷ ಎಂದರು ಶಾಸನ ವಿದ್ವಾಂಸ ಬ್ಯೂಲರ್. ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂಬ ಅರ್ಥ ನಂತರ ಬಲವಾಯಿತು. ವಿದ್ವಾಂಸರ ಜಗಳದಲ್ಲಿ ಯಾರ ಜೀವವೂ ಹೋಗಲಿಲ್ಲ. ತೊಟ್ಟಿಯ ಮೀನಿಗೆ ಆ ಭಾಗ್ಯವಿಲ್ಲ.

ಇನ್ನು ನಮ್ಮ ಎರಡಡಿ ತೊಟ್ಟಿ. ಕಾಗದದ ಮೇಲೆ ಅದು 56.6 ಲೀಟರ್. ಆದರೆ ಅಂಗಡಿಯವನು ಹೇಳುವುದು ಹೊರ ಅಳತೆ. 5 ಎಂಎಂ ಗಾಜಿನ ದಪ್ಪ ಕಳೆದು, ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಸುಮಾರು 44 ಲೀಟರ್ ಹಿಡಿಯುತ್ತದೆ. ತಳಕ್ಕೆ ಹಾಸಿದ ಜಲ್ಲಿಕಲ್ಲೂ ಜಾಗ ತಿನ್ನುತ್ತದೆ, ಉಳಿಯುವುದು ಸುಮಾರು 40. ಪೂರ್ತಿ ಅಳತೆ ನಂಬಿ ಔಷಧ ಹಾಕಿದವರು ಹೆಚ್ಚುಕಡಿಮೆ ಒಂದೂವರೆ ಪಟ್ಟು ಹಾಕಿರುತ್ತಾರೆ. ತುಂಗಭದ್ರಾ ಜಲಾಶಯದ ಲೆಕ್ಕವೂ ಹೀಗೇ ಕುಗ್ಗಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ, ಹೂಳು ಕೂತು ಈಗ 105.788. ಅದನ್ನು ಮರುಅಳತೆ ಮಾಡುವ ಇಲಾಖೆ ಇದೆ. ತೊಟ್ಟಿಯನ್ನು ಮನೆಯವರೇ ಅಳೆಯಬೇಕು.

ಉಳಿದ ಲೆಕ್ಕಗಳು ಸುಲಭ. ಬಾಟಲಿಯ ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. ನೀರಿನ ಗಡಸನ್ನು ಜರ್ಮನ್ ಡಿಗ್ರಿಯಲ್ಲಿ ಕೊಟ್ಟಿದ್ದರೆ 17.8ರಿಂದ ಗುಣಿಸಿ, ಪಿಪಿಎಂ ಸಿಗುತ್ತದೆ. ರಾಯಚೂರು ಜಿಲ್ಲೆಯ ಬೋರ್‌ವೆಲ್ ನೀರಿಗೆ ಇದು ಮುಖ್ಯ. ಉಷ್ಣವಲಯದ ಮೀನುಗಳಿಗೆ ಪುಸ್ತಕ ಹೇಳುವ 75ರಿಂದ 80 ಡಿಗ್ರಿ ಫ್ಯಾರನ್‌ಹೀಟ್ ಅಂದರೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯ ನೀರು ಅದನ್ನು ದಾಟಿಬಿಡುತ್ತದೆ. 20 ಡಿಗ್ರಿಯ ನೀರು ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಹಿಡಿಯುವುದು ಏಳೂವರೆ. ಬೇಸಿಗೆಯಲ್ಲಿ ಗಾಳಿಯ ಪಂಪು ನಿಲ್ಲಬಾರದು.

ತೊಟ್ಟಿ ಮಾರುವವರಲ್ಲಿ ಒಂದು ಕೋರಿಕೆ: ಗಾಜಿನ ಮೂಲೆಯಲ್ಲಿ ಒಳ ಅಳತೆಯ ಲೀಟರ್ ಎಷ್ಟೆಂದು ಕನ್ನಡದಲ್ಲಿ ಬರೆದು ಅಂಟಿಸಿ. ಕೊಳ್ಳುವವರಿಗೆ ಇಷ್ಟೇ: ಮೊದಲ ಸಲ ನೀರು ತುಂಬುವಾಗ ಕುಡಿಯುವ ನೀರಿನ 20 ಲೀಟರ್ ಕ್ಯಾನಿನಿಂದಲೇ ಅಳೆದು ಹಾಕಿ, ಪ್ರತಿ ಕ್ಯಾನಿಗೊಂದು ಗೆರೆ ಎಳೆಯಿರಿ. ಬಾಟಲಿಯಲ್ಲಿ ಗ್ಯಾಲನ್ ಎಂದಷ್ಟೇ ಇದ್ದು ಯಾವ ದೇಶದ್ದೆಂದು ಇಲ್ಲದಿದ್ದರೆ 4.5 ಲೀಟರ್ ಎಂದು ಹಿಡಿಯಿರಿ, ಡೋಸು ಕಡಿಮೆಯಾದರೂ ಹೆಚ್ಚಾಗುವುದಿಲ್ಲ.