ಮನ್ಯಾಗ ಮೊದಲು ಏಳೋರು ಯಾರು?

"ನಿಮ್ಮ ಮನ್ಯಾಗ ಮುಂಜಾನೆ ಎಲ್ಲಾರಿಗಿಂತ ಮೊದಲು ಏಳೋರು ಯಾರು?"

ಸುತ್ತ ಕೂತ ನಾಲ್ಕೈದು ವರ್ಷದ ಮಕ್ಕಳಿಗೆ ಅಂಗನವಾಡಿಯ ಅಕ್ಕೋರು ಹೀಗೆ ಕೇಳಿದರೆ ಉತ್ತರ ತಡವಾಗುವುದಿಲ್ಲ. ಅವ್ವ ಎನ್ನುವವರೇ ಹೆಚ್ಚು. ಆಯಿ ಎನ್ನುವವರೂ ಇರುತ್ತಾರೆ. ತೋಟದ ವಸ್ತಿಯಿಂದ ಬರುವ ಮಗು ಅಪ್ಪ ಎನ್ನಬಹುದು. ದ್ರಾಕ್ಷಿಗೆ ಔಷಧ ಹೊಡೆಯುವ ದಿನಗಳಲ್ಲಿ ಅಪ್ಪ ನಸುಕಿನಲ್ಲೇ ಎದ್ದು ಹೋಗಿರುತ್ತಾನೆ. "ನಮ್ಮ ಎಮ್ಮಿ" ಎನ್ನುವ ಮಗುವೂ ಉಂಟು. ನುರಿತ ಅಕ್ಕೋರು ಆ ಎಮ್ಮೆಯನ್ನು ಹೊರಗೆ ಅಟ್ಟುವುದಿಲ್ಲ. "ಹೌದನ? ಎದ್ದು ಏನ್ ಮಾಡ್ತದವಾ ಅದು?" ಎಂದು ಮುಂದುವರಿಸುತ್ತಾರೆ. ಉಳಿದವರಿಗೂ ಅದೇ ಪ್ರಶ್ನೆ. ಒಲೆ ಹೊತ್ತಿಸುವುದು, ಅಂಗಳ ಗುಡಿಸುವುದು, ನೀರು ಹಿಡಿಯುವುದು, ರೊಟ್ಟಿ ಬಡಿಯುವುದು, ಹಾಲು ಹಿಂಡುವುದು ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಹತ್ತು ನಿಮಿಷದೊಳಗೆ ಆ ಕೋಣೆಯಲ್ಲಿ ದುಡಿಮೆ, ಹೊತ್ತು, ಹೆಣ್ಣು-ಗಂಡಿನ ಪಾಲು, ಊರಿನ ಬೆಳೆ ಇಷ್ಟೂ ಮಾತಿಗೆ ಬಂದಿರುತ್ತವೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನವೆಂದು ಪುಟಗಟ್ಟಲೆ ಓದುವ ಸಂಗತಿಗಳೇ ಇವು.

ಹೀಗೆ ಕೇಳುತ್ತಲೇ ಕಲಿಸುವ ಕಲೆಯನ್ನು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರನ್ನು ಕಣ್ಣ ಮುಂದಿಟ್ಟುಕೊಂಡು ವಿವರಿಸುವುದು ನನಗೆ ಇಷ್ಟ. ಬಿಳಿಜೋಳದ ಎರೆಹೊಲ, ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡುಗಳ ಸೀಮೆ ಇದು. ಬರವನ್ನೇ ಉಂಡುಟ್ಟ ಈ ಭಾಗಕ್ಕೆ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬರತೊಡಗಿದ್ದು ಈಚಿನ ಮಾತು. ಪಶ್ಚಿಮಕ್ಕೆ ಗಡಿ ದಾಟಿದರೆ ಮಹಾರಾಷ್ಟ್ರದ ಜತ್ತ. ಇಂಥ ಕಡೆ ಒಂದೇ ಚಾಪೆಯ ಮೇಲೆ ಕನ್ನಡ ಮನೆಯ ಅವ್ವ, ಲಂಬಾಣಿ ತಾಂಡಾದ ಯಾಡಿ, ಉರ್ದು ಮಾತಿನ ಮನೆಯ ಅಮ್ಮಿ ಮೂವರೂ ಬಂದು ಕೂಡುತ್ತಾರೆ. ಕಲಿಸುವವರಿಗೆ ಇದಕ್ಕಿಂತ ದೊಡ್ಡ ಸಾಮಗ್ರಿ ಬೇಕಿಲ್ಲ.

ಅಕ್ಷರ ಕಲಿಸುವಾಗ, ಎಣಿಕೆ ಕಲಿಸುವಾಗ ಸರಿಯುತ್ತರ ಒಂದೇ, ಮತ್ತು ಅದು ಅಕ್ಕೋರಿಗೆ ಮೊದಲೇ ಗೊತ್ತು. ನಾನು, ನನ್ನ ಮನೆ, ನನ್ನ ಶಾಲೆ ಎಂಬ ಪಾಠ ಹಾಗಲ್ಲ. ಇಲ್ಲಿ ಉತ್ತರ ಗೊತ್ತಿರುವುದು ಮಗುವಿಗೆ. ಇಪ್ಪತ್ತು ಮಕ್ಕಳಿದ್ದರೆ ಇಪ್ಪತ್ತು ಉತ್ತರ, ಇಪ್ಪತ್ತೂ ಸರಿ. ನಮ್ಮ ಮನ್ಯಾಗ ಹಿಂಗ, ನಿಮ್ಮ ಮನ್ಯಾಗ ಬ್ಯಾರೆ, ಎರಡೂ ಖರೆ ಎಂಬುದು ಮಗುವಿನ ಮನಸ್ಸಿಗೆ ಇಳಿಯುವುದೇ ಸಮಾಜದ ಮೊದಲ ಪಾಠವೆಂದು ನಾನು ನಂಬಿದ್ದೇನೆ. ಅದನ್ನು ಬಾಯಿಮಾತಿನಲ್ಲಿ ಹೇಳಿ ಕಲಿಸಲಾಗದು, ಕೇಳಿ ಕೇಳಿಯೇ ಕಲಿಸಬೇಕು.

ಈ ದಾರಿ ಸವೆಸಿದವರು ಬಹಳ ಜನ. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳ ಆಟದ ಶಾಲೆ ತೆರೆದದ್ದನ್ನು ಎಲ್ಲರೂ ಹೇಳುತ್ತಾರೆ. ನಮಗೆ ಹತ್ತಿರದವರು ಗಿಜುಭಾಯಿ ಬಧೇಕಾ ಮತ್ತು ತಾರಾಬಾಯಿ ಮೋಡಕ್. ಗಿಜುಭಾಯಿ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ 1945ರಲ್ಲಿ ಬೋರ್ಡಿ ಎಂಬ ಊರಿಗೆ, ಆಮೇಲೆ ಕೋಸಬಾಡಕ್ಕೆ ಬಂದು ವಾರ್ಲಿ ಆದಿವಾಸಿ ಮಕ್ಕಳ ನಡುವೆ ನೆಲೆಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ದುಬಾರಿ ಮಾಂಟೆಸ್ಸರಿ ಸಲಕರಣೆಗಳ ಜಾಗಕ್ಕೆ ಕಲ್ಲು, ಬೀಜ, ಎಲೆ, ಕಪ್ಪೆಚಿಪ್ಪು ಬಂದವು. ಅಂಗಳದ ಆ ಶಾಲೆಯ ನೆನಪು ಅಂಗನವಾಡಿಯ ಹೆಸರಿನಲ್ಲೇ ಇದೆ. 1975ರ ಅಕ್ಟೋಬರ್ 2ರಂದು, ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು.

ಅಮೆರಿಕದ ಲೂಸಿ ಸ್ಪ್ರೇಗ್ ಮಿಚೆಲ್ ಎಂಬ ಶಿಕ್ಷಕಿ ನ್ಯೂಯಾರ್ಕಿನ ಮಕ್ಕಳಿಗಾಗಿ 1921ರಲ್ಲಿ, ಅವರ ಕಣ್ಣೆದುರಿನ ಬೀದಿ, ಬಂಡಿ, ಮನೆಗಳನ್ನೇ ಕಥೆಯಾಗಿಸಿ ಪುಸ್ತಕ ತಂದರು. ಮಕ್ಕಳಿಗೆ ನೆರೆಹೊರೆಯನ್ನು ಕಲಿಸುವವರು ಮೊದಲು ತಾವೇ ಅದನ್ನು ಅಭ್ಯಾಸ ಮಾಡಬೇಕೆಂಬುದು ಅವರ ನಿಲುವು. ಈ ಮಾತು ಓದಿದಾಗ ನನಗೆ ನೆನಪಾಗುವವರು ನಮ್ಮ ಅಂಗನವಾಡಿ ಕಾರ್ಯಕರ್ತೆಯರು. ಮನೆ ಮನೆ ತಿರುಗಿ ಸರ್ವೆ ಬರೆಯುವವರು ಅವರು. ಯಾರ ಮನೆಯಲ್ಲಿ ಬಾಣಂತಿ, ಯಾರು ದುಡಿಯಲು ಊರು ಬಿಟ್ಟರು, ಯಾವ ಮಗು ಆಯಿಯ ಹತ್ತಿರ ಉಳಿಯಿತು ಎಂಬುದೆಲ್ಲ ಅವರಿಗೆ ಗೊತ್ತು. ಪಟ್ಟಣದ ಎಷ್ಟು ದೊಡ್ಡ ಕಾನ್ವೆಂಟಿನ ಶಿಕ್ಷಕಿಗೂ ತನ್ನ ಮಕ್ಕಳ ಮನೆಗಳು ಇಷ್ಟು ತಿಳಿದಿರುವುದಿಲ್ಲ. ಆ ಸರ್ವೆಯನ್ನು ನಾವು ಬರೀ ದಾಖಲೆ ಕೆಲಸವೆಂದು ಎಣಿಸಿದ್ದೇವೆ. ನಾನಂತೂ ಅದನ್ನು ಪಾಠದ ತಯಾರಿ ಎಂದೇ ಕರೆಯುತ್ತೇನೆ.

ನಾನು, ಮನೆ, ಶಾಲೆ ಎಂಬ ಪಾಠದಲ್ಲಿ ಮೊದಲನೆಯದು 'ನಾನು'. ಓದಲು ಬಾರದ ಮಗುವಿಗೂ ತನ್ನ ಹೆಸರಿನ ಚೀಟಿ ಗುರುತು ಸಿಗಬೇಕು. ಅದಕ್ಕಾಗಿ ಪ್ರತಿ ಹೆಸರಿನ ಪಕ್ಕ ಒಂದು ಚಿತ್ರ: ಒಬ್ಬಳಿಗೆ ಗಿಣಿ, ಒಬ್ಬನಿಗೆ ಬುಗುರಿ. ಗೋಡೆಯ ಮೇಲೆ ಒಂದು ಕಡೆ ಮನೆ, ಇನ್ನೊಂದು ಕಡೆ ಶಾಲೆಯ ಚಿತ್ರ. ಬಂದ ಮಗು ತನ್ನ ಚೀಟಿಯನ್ನು ಮನೆಯಿಂದ ತೆಗೆದು ಶಾಲೆಯ ಕಡೆ ಸಿಕ್ಕಿಸುತ್ತದೆ. ಎಲ್ಲರೂ ಕೂತ ಮೇಲೆ ಮನೆಯ ಕಡೆ ಉಳಿದ ಚೀಟಿಗಳನ್ನು ನೋಡಿ "ಇವತ್ತ ಯಾರು ಬಂದಿಲ್ಲ? ಯಾಕ ಬಂದಿರಲಿಕ್ಕಿಲ್ಲ?" ಎಂಬ ಮಾತು. ಇಲ್ಲದವರ ಬಗ್ಗೆ ಕೂಡಿ ಯೋಚಿಸುವುದು ಹೀಗೆ ದಿನವೂ ನಡೆಯುತ್ತದೆ. ಹಾಜರಿ ಪುಸ್ತಕ ಅಕ್ಕೋರದು, ಈ ಗೋಡೆ ಮಕ್ಕಳದು.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ ನೋಡುವುದಿದೆ. ಪೋಷಣೆಯ ಲೆಕ್ಕಕ್ಕೆ ಮಾಡುವ ಈ ಕೆಲಸ ಒಳ್ಳೆಯ ಅಕ್ಕೋರ ಕೈಗೆ ಸಿಕ್ಕರೆ ಇತಿಹಾಸದ ಪಾಠವಾಗುತ್ತದೆ. ಜೂನಿನಲ್ಲಿ ಗೋಡೆಗೆ ಎಳೆದ ಎತ್ತರದ ಗೆರೆಗೆ ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಗೆರೆ ಸೇರುತ್ತದೆ. ಎರಡರ ನಡುವಿನ ಜಾಗವನ್ನು ಮಗು ಬೆರಳಿಟ್ಟು ನೋಡುತ್ತದೆ. ಮನೆಯಿಂದ ತಾನು ಕೂಸಿದ್ದಾಗಿನ ಕುಂಚಿಗೆ ತರಲು ಹೇಳಿ. ತಲೆಗೆ ಹಾಕಿ ನೋಡಿದರೆ ಹಿಡಿಸದು. "ಆಗ ನಿನಗ ಏನೇನು ಬರತಿರಲಿಲ್ಲ? ಈಗ ಏನೇನು ಬರತದ?" ಎಂದರೆ ಪಟ್ಟಿ ಮುಗಿಯುವುದಿಲ್ಲ. ಕಳೆದ ಕಾಲ ಎಂಬುದೊಂದು ಇತ್ತು, ಅದಕ್ಕೆ ಗುರುತು ಉಳಿದಿರುತ್ತದೆ, ಗುರುತು ಹಿಡಿದು ಕೇಳಿದರೆ ಕಥೆ ಹೊರಡುತ್ತದೆ. ಶಾಸನ ಓದುವ ವಿದ್ವಾಂಸರು ಮಾಡುವುದೂ ಇದನ್ನೇ.

'ಮನೆ' ಇದಕ್ಕಿಂತ ಆಳದ ವಿಷಯ. ಇಲ್ಲಿ ಅಕ್ಕೋರ ಜಾಣ್ಮೆ ಪ್ರಶ್ನೆಯ ಮಾತಿನಲ್ಲೇ ಇರುತ್ತದೆ. "ನಿಮ್ಮ ಅಪ್ಪ ಏನ್ ಮಾಡ್ತಾನ?" ಎಂದು ಕೇಳುವುದು ಸುಲಭ. ಅಪ್ಪ ತೀರಿಹೋದ ಮಗುವಿಗೆ, ಅಪ್ಪ ಬಿಟ್ಟುಹೋದ ಮಗುವಿಗೆ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಬದಲು "ರಾತ್ರಿ ನಿನ್ನ ಜೋಡಿ ಮನ್ಯಾಗ ಮಲಗೋರು ಯಾರ್ಯಾರು?" ಎಂದರೆ ಎಲ್ಲರೂ ಉತ್ತರಿಸಬಲ್ಲರು. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಹೋಗುವ ಕುಟುಂಬಗಳು ಈ ಜಿಲ್ಲೆಯಲ್ಲಿ ಅನೇಕ. ಆಗ ಮುತ್ಯಾ, ಆಯಿ, ಕಾಕಾ, ಚಿಗವ್ವ ಎಂದಷ್ಟೇ ಎಣಿಸುವ ಮಗುವೂ ಪೂರ್ತಿ ಮನೆಯನ್ನೇ ಹೇಳಿದಂತಾಗುತ್ತದೆ.

ಎಣಿಸಲು ಹುಣಸೆಬೀಜ ಸಾಕು. ಮನೆಯ ಒಬ್ಬೊಬ್ಬರಿಗೆ ಒಂದೊಂದು ಬೀಜ ಇಟ್ಟು ಸುತ್ತ ಬಳಪದಲ್ಲಿ ಗೆರೆ ಹಾಕಿದರೆ ಅದೇ ಮನೆ. ಆಡಿಗೂ ನಾಯಿಗೂ ಬೀಜ ಬೇಕೆಂದು ಮಕ್ಕಳು ಹಟ ಹಿಡಿದರೆ ಕೊಡಬೇಕು. ಯಾರ ಮನೆಯಲ್ಲಿ ಹೆಚ್ಚು ಬೀಜ, ಯಾರಲ್ಲಿ ಕಡಿಮೆ ಎಂದು ಅವರೇ ನೋಡುತ್ತಾರೆ. "ಮೊನ್ನೆ ಇವಳ ಅಕ್ಕನ ಲಗ್ನ ಆತಲ್ಲ, ಈಗ ಆ ಬೀಜ ಎಲ್ಲಿ ಇಡೂಣು?" ಎಂದು ಕೇಳಿದರಂತೂ ಸುಗ್ಗಿ. ಒಂದು ಮಗು ಬೀಜವನ್ನು ಪಕ್ಕದ ಮನೆಗೆ ಸರಿಸುತ್ತದೆ, ಇನ್ನೊಂದು ಬಿಡಲಾರದೆ ಗೆರೆಯ ಮೇಲೆಯೇ ಇಡುತ್ತದೆ. ಕುಟುಂಬ ಬದಲಾಗುತ್ತದೆಂಬುದನ್ನು ಅವರು ಕೈಯಾರೆ ಮಾಡಿ ನೋಡುತ್ತಾರೆ.

ಮನೆಯ ಕಟ್ಟಡದ ಪಾಠದಲ್ಲಿ ಒಂದು ಅಪಾಯವಿದೆ. ಪಠ್ಯದ ಚಿತ್ರಪಟಗಳಲ್ಲಿ ಗುಡಿಸಲು, ಹೆಂಚಿನ ಮನೆ, ತಾರಸಿ ಮನೆ ಎಂದು ಸಾಲಾಗಿ ಬರೆದಿರುತ್ತಾರೆ. ಎಳೆಯರಿಗೂ ಅದು ಮೇಲು-ಕೀಳಿನ ಸಾಲಾಗಿ ಕಾಣುತ್ತದೆ. ಯಾವ ಮನೆ ಚಂದ ಎಂದು ಕೇಳಿದರೆ ಮುಗಿಯಿತು, ತಗಡಿನ ಮನೆಯ ಮಗು ಆಮೇಲೆ ಬಾಯಿ ಬಿಡುವುದಿಲ್ಲ. "ಬ್ಯಾಸಗ್ಯಾಗ ಯಾವ ಮನಿ ತಂಪ?" ಎಂದು ಕೇಳಿ. ಪಾದರಸ 40 ಡಿಗ್ರಿ ದಾಟುವ ವಿಜಯಪುರದ ಬೇಸಗೆಯಲ್ಲಿ ಮಣ್ಣಿನ ಮಾಳಿಗೆಯೇ ಗೆಲ್ಲುತ್ತದೆ. ಹೊಸ ಕಾಂಕ್ರೀಟು ಮನೆಯ ಮಗುವೂ ಒಪ್ಪುತ್ತದೆ. "ಮಳಿಗಾಲದಾಗ?" ಎಂದರೆ ಉತ್ತರ ಬದಲಾಗುತ್ತದೆ. ಯಾವ ಮನೆಯೂ ಎಲ್ಲದರಲ್ಲೂ ಸೋಲುವುದಿಲ್ಲ. ಇಂಥ ಒಂದು ಪ್ರಶ್ನೆಯನ್ನು ಹುಡುಕಿದ ಶಿಕ್ಷಕಿಯ ಬಗ್ಗೆ ನನಗೆ ಅಪಾರ ಗೌರವ.

ಶಾಲೆ ತೆರೆದ ಹೊಸದರಲ್ಲೇ ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಉತ್ತರ ಕರ್ನಾಟಕದ ಮಕ್ಕಳ ಭಾಗ್ಯ. ಮನೆಯ ಹಬ್ಬವನ್ನು ಶಾಲೆಯ ಕೆಲಸಕ್ಕೆ ಜೋಡಿಸಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಮಣ್ಣು ಎಲ್ಲಿಂದ ತರುವುದು? ಎರೆಮಣ್ಣಿನಲ್ಲಿ ಮಾಡಿದ ಎತ್ತು ಒಣಗುವಾಗ ಯಾಕೆ ಸೀಳುತ್ತದೆ? ಕುಂಬಾರರು ಮಾಡಿದ್ದು ಯಾಕೆ ಗಟ್ಟಿ? ನಮ್ಮ ಮನೆಯಲ್ಲಿ ಎತ್ತೇ ಇಲ್ಲ, ಟ್ರ್ಯಾಕ್ಟರ್ ಇದೆ. ಹಾಗಾದರೆ ಮಣ್ಣಿನ ಟ್ರ್ಯಾಕ್ಟರ್ ಮಾಡಿ ಪೂಜಿಸೋಣವೇ? ಮಕ್ಕಳು ಇದನ್ನು ಬಹಳ ಗಂಭೀರವಾಗಿ ಚರ್ಚಿಸುತ್ತಾರೆ. ಆ ದಿನ ಊರಿನ ಒಬ್ಬ ಮುತ್ಯಾನನ್ನು ಕರೆಸಬೇಕು. ಎತ್ತು ಹೂಡಿದ ಕೈಗಳು ಮಣ್ಣಿನಲ್ಲಿ ಎತ್ತಿನ ಇಣಿ ಎತ್ತುವುದನ್ನು ನೋಡುತ್ತ, ಬಾಯಲ್ಲಿ ಹಳೆಯ ಹೊಲದ ಮಾತು ಕೇಳುತ್ತ ಕೂತ ಮಕ್ಕಳಿಗೆ ಬೇರೆ ಇತಿಹಾಸ ಪುಸ್ತಕ ಬೇಡ.

ಹತ್ತಿರದಿಂದ ದೂರಕ್ಕೆ, ನಾನು-ಮನೆ-ಶಾಲೆ-ಊರು-ನಾಡು ಎಂಬ ಕ್ರಮವನ್ನು ಎಲ್ಲರೂ ಒಪ್ಪಿಲ್ಲ. ಕೆನಡಾದ ಶಿಕ್ಷಣ ಚಿಂತಕ ಕೀರನ್ ಈಗನ್ ಇದನ್ನು ಬಲವಾಗಿ ಪ್ರಶ್ನಿಸಿದರು: ಮಕ್ಕಳ ಕಲ್ಪನೆ ರಾಕ್ಷಸರು, ದೂರದ ಲೋಕಗಳ ಕಡೆಗೂ ಹಾರುತ್ತದೆ, ಅದನ್ನು ಹಿತ್ತಲಿಗೆ ಕಟ್ಟಿಹಾಕುವುದೇಕೆ? ಅವರ ಮಾತಿನಲ್ಲಿ ಸತ್ಯವಿದೆ. ಹನುಮಪ್ಪ ಸಮುದ್ರ ಹಾರಿದ್ದು ನಮ್ಮ ಮಕ್ಕಳಿಗೆ ಪಂಚಾಯಿತಿ ಕಚೇರಿಗಿಂತ ಚೆನ್ನಾಗಿ ಗೊತ್ತು. ದುಡಿಯಲು ಹೋದ ಅವ್ವ-ಅಪ್ಪನ ಜೊತೆ ಗಡಿಯಾಚೆಯ ಕಬ್ಬಿನ ಗದ್ದೆ ಕಂಡುಬಂದ ಮಗುವಿಗೆ ದೂರ ಎಂಬುದು ಮನೆಯೊಳಗೇ ಇದೆ. ಆದರೂ ಈ ಕ್ರಮವನ್ನು ಬಿಡಬೇಕೆಂದು ನನಗೆ ಅನ್ನಿಸಿಲ್ಲ. ಅದನ್ನು ಬೇಲಿ ಮಾಡಿಕೊಳ್ಳಬಾರದು, ಅಷ್ಟೆ. ಮಗು ಜತ್ತದ ಮಾತು ತೆಗೆದರೆ ಪಾಠ ಆ ದಿನ ಜತ್ತಕ್ಕೆ ಹೋಗಿ ಬರಲಿ.

'ಶಾಲೆ'ಯ ಪಾಠಕ್ಕೆ ಒಂದೇ ಮಾತು ಸಾಕು: ಪಾಳಿ. ಜಾರುಬಂಡೆಗೆ ಪಾಳಿ, ಕೈ ತೊಳೆಯಲು ಪಾಳಿ, ತಾಟು ಹಂಚಲು ಪಾಳಿ. ನಿನ್ನೆ ಹಂಚಿದವಳು ಇವತ್ತೂ ಹಂಚಬಹುದೇ ಎಂಬ ಜಗಳವನ್ನು ಅಕ್ಕೋರು ತಾವೇ ತೀರ್ಮಾನಿಸದೆ ಮಕ್ಕಳ ಮುಂದಿಟ್ಟರೆ ಅವರು ನಿಯಮ ಕಟ್ಟುತ್ತಾರೆ, ಮರುದಿನ ಮುರಿಯುತ್ತಾರೆ, ಮತ್ತೆ ಕಟ್ಟುತ್ತಾರೆ. ಹಂಚುವ ಪಾಳಿ ಎಲ್ಲ ಮಕ್ಕಳಿಗೂ ಬರಬೇಕು, ಎಲ್ಲರ ಕೈಯಿಂದ ಎಲ್ಲರೂ ಉಣ್ಣಬೇಕು. ಜಾತಿಯ ಹೆಸರೆತ್ತದೆ ಜಾತಿಯ ಗೆರೆಯನ್ನು ಅಳಿಸುವ ಕೆಲಸ ಇಲ್ಲಿ ಮಧ್ಯಾಹ್ನದ ಊಟದಲ್ಲಿ ನಡೆಯುತ್ತದೆ. ಅಡುಗೆ ಮಾಡುವ ಸಹಾಯಕಿಯ ಕೆಲಸವನ್ನು ಮಕ್ಕಳು ಹತ್ತಿರ ನಿಂತು ನೋಡಲಿ. ಮೊಟ್ಟೆ ಎಲ್ಲಿಂದ ಬಂತು, ಹಾಲಿನ ಪುಡಿ ಯಾರು ತಂದರು ಎಂದು ಆಕೆಯನ್ನೇ ಕೇಳಲಿ. ಕೊನೆಗೆ ಕಡ್ಡಿಪೆಟ್ಟಿಗೆಗಳನ್ನು ನೆಲದ ಮೇಲಿಟ್ಟು ತಮ್ಮ ಶಾಲೆಯ ಬಾಗಿಲು, ಒಲೆ, ನೀರಿನ ಕೊಡ ಎಲ್ಲೆಲ್ಲಿ ಎಂದು ಜೋಡಿಸಿದರೆ ಅದು ಅವರ ಮೊದಲ ನಕಾಶೆ.

ಆರಕ್ಕೆ ಕಾಲಿಟ್ಟ ಮಗು ದೊಡ್ಡ ಶಾಲೆಗೆ ಹೋಗುತ್ತದೆ. ಅಲ್ಲಿ ಸರಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಯವರೆಗೆ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಾಡಿಗೆಲ್ಲ ಹಬ್ಬಿದ ಪದ್ಧತಿ ಅದು. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂತು ಕಲಿಯುತ್ತಾರೆ, ಅವರು ಬರೆದದ್ದು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತದೆ, ಪರಿಸರ ಅಧ್ಯಯನವೂ ಅದರಲ್ಲಿ ಸೇರಿದೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷವನ್ನು ಒಂದೇ ಹಂತವೆಂದು ಕಂಡಿದೆ. ಕಾಗದದಲ್ಲಿ ಹೀಗೆ ಕೂಡಿಸಿದ ಎರಡು ಶಾಲೆಗಳು ಊರಿನಲ್ಲಿ ಎಷ್ಟೋ ಸಲ ಒಂದೇ ಆವರಣದಲ್ಲಿದ್ದರೂ ಒಂದಕ್ಕೊಂದು ಮಾತಾಡುವುದು ಕಡಿಮೆ. ಜೂನಿನ ಮೊದಲ ವಾರದಲ್ಲಿ ಅಂಗನವಾಡಿಯ ಅಕ್ಕೋರು ಆ ವರ್ಷ ಹೊರಡುವ ಮಕ್ಕಳ ಹೆಸರಿನ ಚೀಟಿಗಳನ್ನು ಒಂದನೇ ತರಗತಿಯ ಶಿಕ್ಷಕರ ಕೈಗೆ ಕೊಟ್ಟು, ಯಾವ ಮಗು ಆಯಿಯ ಹತ್ತಿರ ಬೆಳೆಯುತ್ತಿದೆ, ಯಾವುದಕ್ಕೆ ಮನೆಯ ಮಾತು ಲಂಬಾಣಿ, ಯಾವುದು ದೀಪಾವಳಿಗೆ ಊರು ಬಿಟ್ಟು ಯುಗಾದಿಗೆ ಮರಳುತ್ತದೆ ಎಂದು ಅರ್ಧ ಗಂಟೆ ಕೂತು ಹೇಳುವಂತಾಗಬೇಕು. ಇದಕ್ಕೆ ಹೊಸ ಯೋಜನೆ ಬೇಡ, ಹಣ ಬೇಡ. ಆ ಅರ್ಧ ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೆ ಸೇರಿಸಿದರೆ ಆಯಿತು.