ಓಲೆಗೊಂದು ಮಾರೋಲೆ

ಉದ್ದನೆಯ ಮೇಜು, ಸುತ್ತ ಏಳೆಂಟು ಜನ. ಎಲ್ಲರ ಮುಂದೆಯೂ ಹನ್ನೆರಡು ಸಾಲಿನ ಒಂದೇ ಕವನ. ನಡುವೆ ಕೂತ ಮೇಷ್ಟ್ರು ಪಾಠ ಹೇಳುತ್ತಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಈ ಪದ ಇಲ್ಲಿಗೆ ಯಾಕೆ ಬಂತು ಎಂದು ಕೇಳುತ್ತಿದ್ದಾರೆ. ಹುಡುಗಿಯೊಬ್ಬಳು ಒಂದು ಮಾತು ಹೇಳುತ್ತಾಳೆ, ಪಕ್ಕದವನು ಅದನ್ನು ಒಪ್ಪುವುದಿಲ್ಲ, ಮೂರನೆಯವರು ಇಬ್ಬರ ಮಾತನ್ನೂ ಕೂಡಿಸಿ ಬೇರೆಲ್ಲಿಗೋ ಒಯ್ಯುತ್ತಾರೆ. 2013ರ ಸೆಪ್ಟೆಂಬರಿನ ಒಂದು ರಾತ್ರಿ, ತಿಪಟೂರಿನ ನಮ್ಮ ಮನೆಯಲ್ಲಿ ಊಟದ ತಟ್ಟೆ ತೊಳೆದಿಟ್ಟು ಬಂದು ನಾನು ಲ್ಯಾಪ್‌ಟಾಪಿನಲ್ಲಿ ನೋಡಿದ ಮೊದಲ ತರಗತಿ ಇದು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕೋರ್ಸೆರಾದ ಮೂಲಕ ನಡೆಸುತ್ತಿದ್ದ, ಕಾಸು ಕೊಡಬೇಕಿಲ್ಲದ, ಹತ್ತು ವಾರದ ಅಮೆರಿಕನ್ ಕಾವ್ಯದ ಕೋರ್ಸು. ಅದರ ಪೂರ್ತಿ ಹೆಸರು ಮಾಡರ್ನ್ ಅಂಡ್ ಕಂಟೆಂಪರರಿ ಅಮೆರಿಕನ್ ಪೊಯೆಟ್ರಿ. ಕಲಿಯುವವರೆಲ್ಲ ಕರೆಯುವುದು ಮಾಡ್‌ಪೋ ಎಂದು.

ಆ ಕವನ ಎಮಿಲಿ ಡಿಕಿನ್ಸನ್‌ಳದು. ಸಾಧ್ಯತೆ ಎಂಬುದನ್ನೇ ಒಂದು ಮನೆ ಮಾಡಿಕೊಂಡು, ಅದರಲ್ಲಿ ತಾನಿದ್ದೇನೆ ಎಂದು ಹೇಳುವ ಕವನ. ಆ 'ಇದ್ದೇನೆ' ಎನ್ನುವುದಕ್ಕೆ ಅವಳು ಬಳಸಿದ ಇಂಗ್ಲಿಷ್ ಕ್ರಿಯಾಪದದ ಮೇಲೆ ಚರ್ಚೆ ನಿಂತಾಗ ನಾನು ವಿಡಿಯೋ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ನಮ್ಮ ಪದಗಳನ್ನು ಬರೆದುಕೊಂಡೆ: ವಾಸಿಸು, ನೆಲೆಸು, ತಂಗು, ಬಿಡಾರ ಹೂಡು, ಒಕ್ಕಲಿರು. ತಂಗುವವರು ಬೆಳಿಗ್ಗೆ ಎದ್ದು ಹೋಗುತ್ತಾರೆ. ಬಿಡಾರವನ್ನು ಕಿತ್ತುಕೊಂಡು ಹೋಗಬಹುದು. ವಾಸಿಸುವುದಕ್ಕೆ ರೇಷನ್ ಕಾರ್ಡಿನ ವಾಸನೆಯಿದೆ. ನೆಲೆಸು ಎಂದರೆ ಮಾತ್ರ ಆ ಹೆಂಗಸು ಅಲ್ಲಿಂದ ಕದಲುವುದಿಲ್ಲ. ಒಂದೇ ಪದಕ್ಕೆ ಅರ್ಧ ಗಂಟೆ ಕೊಟ್ಟಿದ್ದೆ, ಒಂದು ನಿಮಿಷವೂ ದಂಡವಾಗಲಿಲ್ಲ.

ಕಾಲೇಜಿನಲ್ಲಿ ನನಗೆ ಅಮೆರಿಕನ್ ಸಾಹಿತ್ಯದ ಒಂದು ಪೇಪರು ಇತ್ತು. ಡಿಕಿನ್ಸನ್ ಬಂದರೆ ಏಕಾಂತ, ಸಾವು, ಅಮರತ್ವ ಎಂದು ಮೂರು ಪಾಯಿಂಟು ಬರೆಯಬೇಕು ಎಂದು ಗೈಡ್ ಹೇಳಿತ್ತು. ಬರೆದೆ, ಪಾಸೂ ಆದೆ. ಕವನ ಓದಿರಲಿಲ್ಲ. ಇಪ್ಪತ್ತು ವರ್ಷ ಕಳೆದು, ಹತ್ತು ಸಾವಿರ ಕಿಲೋಮೀಟರಿಗೂ ಆಚೆ ಕೂತವರು ಆ ಕವನವನ್ನು ನನಗೆ ಓದಲು ಕೊಟ್ಟರು. ಅದಕ್ಕೇ ಈ ತರಗತಿ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತಾ ಹೋದೆ. ಆನ್‌ಲೈನ್ ಕೋರ್ಸಿನ ಚರಿತ್ರೆ ಎಂದರೆ ಸಾಮಾನ್ಯವಾಗಿ ಕಂಪ್ಯೂಟರಿನಿಂದ ಶುರು ಮಾಡುತ್ತಾರೆ. ನನ್ನ ಕೈಗೆ ಸಿಕ್ಕ ಎಳೆಯ ತುದಿ ಇದ್ದದ್ದು 1862ರ ಏಪ್ರಿಲ್ ತಿಂಗಳ ಒಂದು ಲಕೋಟೆಯಲ್ಲಿ.

ಆ ತಿಂಗಳ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್ ಎಂಬ ಲೇಖಕರು ಹೊಸ ಬರಹಗಾರರಿಗೆ ಬುದ್ಧಿಮಾತು ಹೇಳುವ ಲೇಖನ ಬರೆದಿದ್ದರು. ಮ್ಯಾಸಚೂಸೆಟ್ಸಿನ ಆಮ್‌ಹರ್ಸ್ಟ್ ಊರಿನಿಂದ ಅವರಿಗೊಂದು ಕಾಗದ ಬಂತು. ಜೊತೆಗೆ ನಾಲ್ಕು ಕವನ. ಈ ಪದ್ಯಗಳಿಗೆ ಜೀವವಿದೆಯೇ ಎಂಬುದು ಕಾಗದದ ಪ್ರಶ್ನೆ. ಕೆಳಗೆ ಸಹಿ ಇರಲಿಲ್ಲ, ಹೆಸರನ್ನು ಬೇರೆ ಕಾರ್ಡಿನಲ್ಲಿ ಬರೆದು ಪುಟ್ಟ ಲಕೋಟೆಯೊಳಗೆ ಇಟ್ಟಿತ್ತು. ಹಿಗಿನ್ಸನ್ ಉತ್ತರ ಬರೆದರು. ಅವಳು ಮತ್ತೆ ಬರೆದಳು. ಮುಂದೆ ತನ್ನನ್ನು ಅವರ ವಿದ್ಯಾರ್ಥಿನಿ ಎಂದೇ ಕರೆದುಕೊಂಡು ಸಹಿ ಹಾಕತೊಡಗಿದಳು. ಅವರ ಸಲಹೆಯಂತೆ ತನ್ನ ಪದ್ಯಗಳನ್ನು ತಿದ್ದಲಿಲ್ಲ, ಕಾಗದ ಬರೆಯುವುದನ್ನು ಬಿಡಲೂ ಇಲ್ಲ. 1886ರಲ್ಲಿ ಅವಳು ತೀರಿಕೊಳ್ಳುವ ತನಕ ಈ ಓಲೆ ಮಾರೋಲೆ ನಡೆಯಿತು, ಮುಖಾಮುಖಿ ಕಂಡದ್ದು ಎರಡೇ ಸಲ. ಅವಳು ಬದುಕಿದ್ದಾಗ ಅಚ್ಚಾದದ್ದು ಸುಮಾರು ಹತ್ತು ಕವನ. ಬಿಟ್ಟುಹೋದದ್ದು ಹತ್ತಿರ ಹತ್ತಿರ 1,800. ಅವಳಿಗೆ ಬೇಕಿದ್ದದ್ದು ತಿದ್ದುವವರಲ್ಲ, ಉತ್ತರ ಬರೆಯುವ ಒಬ್ಬ ಓದುಗ ಎಂದು ನನಗನ್ನಿಸುತ್ತದೆ. ದೂರದಿಂದ ಸಾಹಿತ್ಯ ಕಲಿಯಲು ಹೊರಟವರೆಲ್ಲರ ಬೇಡಿಕೆಯೂ ಅದೇ.

ಅದನ್ನು ಒಂದು ಪದ್ಧತಿಯಾಗಿ ನಿಲ್ಲಿಸಿದವರು ಬಾಸ್ಟನ್ನಿನ ಆ್ಯನಾ ಎಲಿಯಟ್ ಟಿಕ್ನರ್. ತಂದೆ ಜಾರ್ಜ್ ಟಿಕ್ನರ್ ಹಾರ್ವರ್ಡಿನಲ್ಲಿ ಪ್ರೊಫೆಸರು, ಸ್ಪ್ಯಾನಿಷ್ ಸಾಹಿತ್ಯ ಚರಿತ್ರೆ ಬರೆದವರು, ಬಾಸ್ಟನ್ ಸಾರ್ವಜನಿಕ ಗ್ರಂಥಾಲಯ ಕಟ್ಟಿದವರಲ್ಲಿ ಒಬ್ಬರು. ಮಗಳಿಗೆ ಮನೆ ತುಂಬ ಪುಸ್ತಕ. ಹಾರ್ವರ್ಡ್ ಮಾತ್ರ ಹೆಣ್ಣುಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. 1873ರಲ್ಲಿ ಆಕೆ ಮನೆಯಲ್ಲೇ ಓದುವುದಕ್ಕೆ ಪ್ರೋತ್ಸಾಹ ಕೊಡುವ ಸಂಘವೊಂದನ್ನು ಶುರು ಮಾಡಿದರು. ಕೆಲಸ ನಡೆಯುತ್ತಿದ್ದದ್ದು ಹೀಗೆ: ಓದುವ ಹೆಂಗಸು ತನ್ನೂರಿನಲ್ಲಿ, ಓದಿಸುವ ಹೆಂಗಸು ಬೇರೊಂದು ಊರಿನಲ್ಲಿ. ಪುಸ್ತಕ ಅಂಚೆಯಲ್ಲಿ ಎರವಲು ಬರುತ್ತದೆ. ಓದಿ, ಪುಸ್ತಕ ಮುಚ್ಚಿಟ್ಟು, ನೆನಪಿನಿಂದಲೇ ಟಿಪ್ಪಣಿ ಬರೆಯಬೇಕು. ತಿಂಗಳಿಗೊಮ್ಮೆ ಕಾಗದ ಹೋಗಬೇಕು, ಆ ಕಡೆಯಿಂದ ಅವಳ ಹೆಸರಿಗೇ ಬರೆದ ಉತ್ತರ ಬರಬೇಕು. ಎಲ್ಲರಿಗೂ ಒಂದೇ ಸಿದ್ಧ ಉತ್ತರ ಹಂಚುವ ಪದ್ಧತಿ ಅಲ್ಲಿರಲಿಲ್ಲ. ಸಂಘ 24 ವರ್ಷ ನಡೆದು, 1897ರಲ್ಲಿ ಮುಚ್ಚುವ ಹೊತ್ತಿಗೆ 7,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿ ಓದಿದ್ದರು. ಅವರಲ್ಲಿ ಅನೇಕರು ಆರಿಸಿಕೊಂಡದ್ದು ಸಾಹಿತ್ಯವನ್ನೇ. ಒಲೆ ಆರಿಸಿ, ಮಕ್ಕಳನ್ನು ಮಲಗಿಸಿ, ದೀಪದ ಬುಡದಲ್ಲಿ ನೆನಪಿನಿಂದ ಬರೆದ ಆ ಟಿಪ್ಪಣಿಗಳನ್ನು ನೆನೆದರೆ ನನ್ನ ನೋಟ್‌ಬುಕ್ಕಿನ ಪದಪಟ್ಟಿ ಒಂಟಿಯೆನಿಸುವುದಿಲ್ಲ.

ಅಮೆರಿಕನ್ ಸಾಹಿತ್ಯ ಎಂಬ ಪಾಠ ಆ ದೇಶದ ಕಾಲೇಜುಗಳಿಗೇ ತಡವಾಗಿ ಬಂತು. ಅದಕ್ಕೆಂದೇ ಮೀಸಲಾದ 'ಅಮೆರಿಕನ್ ಲಿಟರೇಚರ್' ವಿದ್ವತ್ ಪತ್ರಿಕೆ ಹೊರಟದ್ದು 1929ರಲ್ಲಿ. ನಮ್ಮ ಕಡೆ ಹೈದರಾಬಾದಿನಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ತೆರೆದದ್ದು 1964ರಲ್ಲಿ. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದ ಸಿ.ಡಿ. ನರಸಿಂಹಯ್ಯನವರು ಅಮೆರಿಕನ್ ಸಾಹಿತ್ಯವನ್ನು ಏಷ್ಯಾದವರು ಓದಿದ ಬಗೆಯ ಬಗ್ಗೆ ಸಂಪಾದಿಸಿದ ಪುಸ್ತಕ 1972ರದು. ದೂರದಿಂದ ಕಲಿಸುವ ದಾರಿಯೂ ಇಲ್ಲಿ ತೆರೆಯಿತು: ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು, ಅದೇ ಮುಂದೆ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಈ ಬಗೆಯ ಕಲಿಕೆಗೆ ಕನ್ನಡದವರು ಇಟ್ಟ 'ಅಂಚೆ ತೆರಪಿನ ಶಿಕ್ಷಣ' ಎಂಬ ಹೆಸರು ನನಗೆ ಬಹಳ ಇಷ್ಟ. ತೆರಪು ಎಂದರೆ ಬಿಡುವೂ ಹೌದು, ನಡುವಿನ ಖಾಲಿ ಜಾಗವೂ ಹೌದು.

ಆ ಖಾಲಿ ಜಾಗವನ್ನು ತುಂಬಲು ಅಮೆರಿಕದಲ್ಲಿ ಟೀವಿ ಬಂತು. 1957ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಸಿಬಿಎಸ್ ವಾಹಿನಿಯಲ್ಲಿ ಬೆಳ್ಳಂಬೆಳಿಗ್ಗೆ ಸಾಹಿತ್ಯದ ಪಾಠ ಶುರು ಮಾಡಿತು. ಮೊದಲ ಪಾಠ ಸ್ತಾಂದಾಲನ ಕಾದಂಬರಿಯ ಮೇಲೆ. ನ್ಯೂಯಾರ್ಕಿನ ಅಂಗಡಿಗಳಲ್ಲಿ ಆ ಪುಸ್ತಕದ ಪ್ರತಿಗಳು ಖಾಲಿಯಾದವು. 1988ರಲ್ಲಿ ವಿಟ್ಮನ್‌ನಿಂದ ಸಿಲ್ವಿಯಾ ಪ್ಲಾತ್‌ವರೆಗೆ 13 ಅಮೆರಿಕನ್ ಕವಿಗಳ ಮೇಲೆ ಒಂದೊಂದು ಗಂಟೆಯ 'ವಾಯ್ಸಸ್ ಅಂಡ್ ವಿಷನ್ಸ್' ಸರಣಿ ಬಂತು, ಕಾಲೇಜುಗಳು ಅದನ್ನೇ ಕೋರ್ಸಾಗಿ ಬಳಸಿದವು. ಆದರೆ ಟೀವಿಗೆ ಬಾಯಿ ಮಾತ್ರ ಉಂಟು, ಕಿವಿ ಇಲ್ಲ. ಟಿಕ್ನರ್ ಅವರ ಅಂಚೆಯಲ್ಲಿದ್ದ ಮಾರೋಲೆ ಇಲ್ಲಿ ಕಳೆದುಹೋಯಿತು.

ಅಂತರ್ಜಾಲದ ಮೊದಲ ಕೋರ್ಸುಗಳೂ ಹಾಗೆಯೇ ಇದ್ದವು. ಎಂಐಟಿ ತನ್ನ ಪಾಠಸಾಮಗ್ರಿಯನ್ನೆಲ್ಲ ಜಗತ್ತಿಗೆ ಬಿಟ್ಟುಕೊಡುತ್ತೇನೆಂದು 2001ರ ಏಪ್ರಿಲ್‌ನಲ್ಲಿ ಹೇಳಿತು. 2007ರ ಡಿಸೆಂಬರಿನಲ್ಲಿ ಯೇಲ್ ತನ್ನ ತರಗತಿಗಳನ್ನೇ ಚಿತ್ರೀಕರಿಸಿ ಹಾಕಿತು. 1945ರ ನಂತರದ ಅಮೆರಿಕನ್ ಕಾದಂಬರಿಯ ಬಗ್ಗೆ ಏಮಿ ಹಂಗರ್‌ಫರ್ಡ್ 2008ರಲ್ಲಿ ಮಾಡಿದ ಪಾಠಗಳು ಅಲ್ಲಿ ಸಿಗುತ್ತವೆ, ಅವನ್ನು ಯಾರಾದರೂ ನೋಡಲೇಬೇಕು. ಅವರು ಆರಂಭಿಸುವುದು ರಿಚರ್ಡ್ ರೈಟ್‌ನ ಆತ್ಮಕಥೆ 'ಬ್ಲ್ಯಾಕ್ ಬಾಯ್'ನಿಂದ, ಅಲ್ಲೂ ನಡುವೆ ಬರುವುದು ಕಾಗದಗಳೇ. ಆ ಪುಸ್ತಕವನ್ನು ತನ್ನ ಸದಸ್ಯರಿಗೆ ಕಳಿಸಲು ಬುಕ್ ಆಫ್ ದಿ ಮಂತ್ ಕ್ಲಬ್ ಒಪ್ಪಿತು, ಎರಡನೇ ಭಾಗ ತೆಗೆದರೆ ಮಾತ್ರ. ದಕ್ಷಿಣದ ಹಿಂಸೆಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದ ಕರಿಯ ಯುವಕನಿಗೆ ಶಿಕಾಗೋದಲ್ಲಿ ಏನಾಯಿತು ಎಂಬ ಭಾಗ ಅದು. ಕ್ಲಬ್ಬಿನ ಪರವಾಗಿ ಡೊರೊಥಿ ಕ್ಯಾನ್‌ಫೀಲ್ಡ್ ಫಿಶರ್ ಬರೆಯುತ್ತಾರೆ, ರೈಟ್ ಉತ್ತರಿಸುತ್ತಾನೆ. ಕೊನೆಯಲ್ಲಿ ಅಮೆರಿಕದ ಬಗ್ಗೆ ಒಂದಿಷ್ಟು ಭರವಸೆಯ ಮಾತು ಬರಲಿ ಎಂದು ಆಕೆಗೆ, ಎಷ್ಟರ ಮಟ್ಟಿಗೆ ಬಗ್ಗಬಹುದು ಎಂದು ಅವನಿಗೆ. 1945ರಲ್ಲಿ ಮೊದಲ ಭಾಗವಷ್ಟೇ ಅಚ್ಚಾಯಿತು. ತೆಗೆದ ಭಾಗ 1977ರಲ್ಲಿ ಬೇರೆ ಪುಸ್ತಕವಾಗಿ ಬಂತು, ಎರಡೂ ಒಂದಾದದ್ದು 1991ರಲ್ಲಿ. ಹಂಗರ್‌ಫರ್ಡ್ ಆ ಪತ್ರವ್ಯವಹಾರವನ್ನು ತರಗತಿಗೆ ತಂದು ಬಿಚ್ಚಿಡುವಾಗ, ನಾವು ಕೈಯಲ್ಲಿ ಹಿಡಿದ ಪುಸ್ತಕ ಯಾರ ಯಾರ ಕೈ ದಾಟಿ ಬಂದಿದೆ ಎಂದು ಮೈ ಜುಂ ಎನ್ನುತ್ತದೆ. ಆದರೆ ಆ ತರಗತಿಯಲ್ಲಿ ನಾವು ಕಿಟಕಿಯಾಚೆ ನಿಂತು ಕೇಳುವವರು. ಕೈ ಎತ್ತಿದರೆ ಯಾರಿಗೂ ಕಾಣುವುದಿಲ್ಲ.

2011ರಲ್ಲಿ ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸುಮಾರು 1,60,000 ಮಂದಿ ಹೆಸರು ಹಚ್ಚಿದರು, ಮರುವರ್ಷ ಕೋರ್ಸೆರಾ ಹುಟ್ಟಿತು. ಲೆಕ್ಕದ ಉತ್ತರವನ್ನು ಯಂತ್ರ ತಿದ್ದಬಲ್ಲದು. ಕವನದ ಬಗ್ಗೆ ಬರೆದದ್ದನ್ನು ಯಾರು ತಿದ್ದಬೇಕು? ಸಾಹಿತ್ಯದ ಕೋರ್ಸು ಈ ದಾರಿಯಲ್ಲಿ ನಡೆಯುವುದಿಲ್ಲ ಎಂದು ಅನೇಕರು ಅಂದುಕೊಂಡದ್ದು ಇದೇ ಕಾರಣಕ್ಕೆ.

ನಡೆಯುವಂತೆ ಮಾಡಿದವರು ಮಾಡ್‌ಪೋದ ಆ ಮೇಜಿನ ನಡುವೆ ಕೂತಿದ್ದ ಮೇಷ್ಟ್ರು, ಆಲ್ ಫಿಲ್‌ರೈಸ್. ಅದಕ್ಕೆ ಬೇಕಾದ ಸಾಮಾನು ಅವರಲ್ಲಿ ಮೊದಲೇ ಇತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದೊಳಗಿನ ಲೋಕಸ್ಟ್ ವಾಕ್ ಎಂಬ ಹಾದಿಯ ಮೇಲೆ 13 ಕೋಣೆಗಳ ಒಂದು ಹಳೇ ಮನೆಯಿದೆ. 1995ರಿಂದ ಅದು ಕೆಲ್ಲಿ ರೈಟರ್ಸ್ ಹೌಸ್, ಬರೆಯುವವರೂ ಓದುವವರೂ ಬಂದು ಸೇರುವ ಜಾಗ. ಫಿಲ್‌ರೈಸ್ 2005ರಲ್ಲಿ ಕವಿ ಚಾರ್ಲ್ಸ್ ಬರ್ನ್‌ಸ್ಟೀನ್ ಜೊತೆ ಪೆನ್‌ಸೌಂಡ್ ಎಂಬ ಧ್ವನಿಭಂಡಾರ ಶುರು ಮಾಡಿದರು. ಕವಿಗಳು ತಮ್ಮ ಕವನಗಳನ್ನು ತಾವೇ ಓದಿದ ಧ್ವನಿಮುದ್ರಣಗಳು ಅಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 2007ರಲ್ಲಿ ಪೊಯಮ್‌ಟಾಕ್ ಬಂತು: ನಾಲ್ಕು ಜನ, ಒಂದು ಕವನ, ಒಂದಿಷ್ಟು ಹೊತ್ತಿನ ಮಾತು. ಲೆಕ್ಚರ್ ಕೊಡುವ ಪದ್ಧತಿಯನ್ನು ಅವರು ಸ್ವಂತ ತರಗತಿಯಲ್ಲೂ ಬಿಟ್ಟಿದ್ದರು. 2012ರ ಸೆಪ್ಟೆಂಬರಿನಲ್ಲಿ ಮಾಡ್‌ಪೋಗಾಗಿ ಕ್ಯಾಮೆರಾ ಬಂದಾಗ ಅದನ್ನು ಮೇಷ್ಟ್ರ ಮುಖಕ್ಕೆ ಹಿಡಿಯುವ ಬದಲು ಮೇಜಿನ ಸುತ್ತ ತಿರುಗಿಸಿದರು, ಅಷ್ಟೆ. ಮೊದಲ ಸಲವೇ 30,000ಕ್ಕೂ ಹೆಚ್ಚು ಜನ ಸೇರಿದರು. ವಾರಕ್ಕೊಮ್ಮೆ ಅದೇ ಮನೆಯಿಂದ ನೇರಪ್ರಸಾರ. ಫಿಲಡೆಲ್ಫಿಯಾದಲ್ಲಿ ಬೆಳಿಗ್ಗೆ ಹತ್ತಾದಾಗ ನಮಗೆ ಸಂಜೆ ಏಳೂವರೆ. ದೂರದಿಂದ ಬರೆದು ಕೇಳಿದ ಪ್ರಶ್ನೆಯನ್ನು ಅಲ್ಲಿ ಗಟ್ಟಿಯಾಗಿ ಓದಿ ಉತ್ತರಿಸುತ್ತಿದ್ದರು.

ಹಕ್ಕುಸ್ವಾಮ್ಯದ ತೊಡಕು ಮಾತ್ರ ಯಾವ ಮೇಷ್ಟ್ರಿಗೂ ತಪ್ಪಿದ್ದಲ್ಲ. ಅಮೆರಿಕದಲ್ಲಿ ಕಳೆದ ಶತಮಾನದ ಹಲವು ಪುಸ್ತಕಗಳಿಗೆ 95 ವರ್ಷದ ಹಕ್ಕು ಇರುವುದರಿಂದ ಫಿಟ್ಜೆರಾಲ್ಡ್‌ನ 'ದ ಗ್ರೇಟ್ ಗ್ಯಾಟ್ಸ್‌ಬಿ' 2021ರ ಜನವರಿವರೆಗೂ ಕಟ್ಟಿನೊಳಗಿತ್ತು. ಬಡವರ ಮನೆಗೆ ಬಿಟ್ಟಿಯಾಗಿ ಬರಬಲ್ಲ ಅಮೆರಿಕನ್ ಸಾಹಿತ್ಯ ಹೆಚ್ಚಾಗಿ ಹಳೆಯದೇ. ಆದರೂ 2013ರ ಅಕ್ಟೋಬರಿನಲ್ಲಿ ಡಿಕಿನ್ಸನ್‌ಳ ಹಸ್ತಪ್ರತಿಗಳ ಚಿತ್ರಗಳು ಅಂತರ್ಜಾಲಕ್ಕೆ ಬಂದವು. ಮೊದಲ ಸಂಪಾದಕರು ಅಳಿಸಿ ನೇರ್ಪಡಿಸಿದ್ದ ಅವಳ ಅಡ್ಡಗೆರೆಗಳನ್ನು, ಒಂದೊಂದೂ ಎಷ್ಟು ಉದ್ದ, ಎತ್ತ ವಾಲಿದೆ ಎಂದು ತಿಪಟೂರಿನಲ್ಲಿ ಕೂತು ನೋಡಿದೆ.

ಇನ್ನು ತಿದ್ದುವವರು ಯಾರು ಎಂಬ ಪ್ರಶ್ನೆ. ಮಾಡ್‌ಪೋದಲ್ಲಿ ಕಲಿಯುವವರೇ ಒಬ್ಬರ ಪ್ರಬಂಧ ಒಬ್ಬರು ಓದಿ ಅಭಿಪ್ರಾಯ ಬರೆಯುತ್ತಿದ್ದರು, ಹೆಸರಿಲ್ಲದೆ. ನಾನು ಬರೆದ ಮೊದಲ ಪ್ರಬಂಧ ಡಿಕಿನ್ಸನ್‌ಳ ಇನ್ನೊಂದು ಕವನದ ಮೇಲೆ. ಯಾರೂ ಎಂದೂ ತಯಾರಿಸಿರದ ಮದ್ಯವೊಂದನ್ನು ಕುಡಿದು, ಗಾಳಿಗೂ ಇಬ್ಬನಿಗೂ ಅಮಲೇರಿದವಳ ಕವನ. ನನಗೆ ತಟ್ಟನೆ ನೆನಪಾದದ್ದು ಅಜ್ಜನ ಊರಿನ ನೀರಾ. ಸಂಜೆ ಈಚಲ ಮರ ಹತ್ತಿ, ಒಳಗೆ ಸುಣ್ಣ ಬಳಿದ ಮಡಕೆ ಕಟ್ಟಿ ಬರುತ್ತಿದ್ದರು. ಹೊತ್ತು ಹುಟ್ಟುವ ಮೊದಲು ಇಳಿಸಿದರೆ ನೀರಾ: ತಣ್ಣಗೆ, ಸಿಹಿಯಾಗಿ, ಮಕ್ಕಳೂ ಕುಡಿಯಬಹುದಾದದ್ದು. ಬಿಸಿಲೇರಿದರೆ ಹುಳಿಯುತ್ತದೆ, ಹೆಂಡವಾಗುತ್ತದೆ. ಇದನ್ನೆಲ್ಲ ವಿವರಿಸಿ, ಅವಳು ಕುಡಿದದ್ದು ಈ ನೀರಾದಂಥದ್ದು, ಮನುಷ್ಯ ಕೈಹಾಕುವ ಮೊದಲಿನದು, ಅಮಲು ಇರುವುದು ಕುಡಿದವಳಲ್ಲಿ, ಪಾನೀಯದಲ್ಲಲ್ಲ ಎಂದು ಬರೆದೆ.

ಅಭಿಪ್ರಾಯಗಳು ಬಂದವು. ಎರಡು ಚುಟುಕಾಗಿದ್ದವು, ಮೆಚ್ಚುಗೆಯವು. ಮೂರನೆಯದು ನನ್ನ ಪ್ರಬಂಧದಷ್ಟೇ ಉದ್ದವಿತ್ತು. ಯಾವ ದೇಶದವರೋ, ಗಂಡಸೋ ಹೆಂಗಸೋ ತಿಳಿಯದು. ನೀರಾ ಎಂಬುದನ್ನು ಈಗಷ್ಟೇ ಕೇಳುತ್ತಿದ್ದೇನೆ ಎಂದು ಶುರು ಮಾಡಿದ್ದರು. ಬಿಸಿಲು ತಗುಲಿದರೆ ಅದು ಹೆಂಡವಾಗುತ್ತದೆ ಎಂದು ನೀವೇ ಬರೆದಿದ್ದೀರಿ, ಕವನದ ಕೊನೆಯಲ್ಲಿ ಅವಳು ಒರಗಿಕೊಳ್ಳುವುದು ಸೂರ್ಯನಿಗೇ ಅಲ್ಲವೇ, ಅದರ ಬಗ್ಗೆ ಯಾಕೆ ಒಂದು ಮಾತೂ ಇಲ್ಲ ಎಂದು ಕೇಳಿದ್ದರು.

ಹತ್ತು ಸಲ ಓದಿದ್ದ ಕವನವನ್ನು ಮತ್ತೆ ತೆಗೆದೆ. ಇಬ್ಬನಿ ಮೊದಲು, ಸೂರ್ಯ ಕೊನೆಗೆ. ನಡುವೆ ಹೊತ್ತು ಏರುತ್ತಾ ಬಂದಿದೆ, ಸಿಹಿಯಾಗಿದ್ದದ್ದು ಪದ್ಯದಿಂದ ಪದ್ಯಕ್ಕೆ ಹುಳಿಯುತ್ತಾ ನಿಜವಾದ ಅಮಲಾಗಿದೆ. ಅಂಕ ಆಗಲೇ ಬಂದಿತ್ತು, ತಿದ್ದಿ ಕಳಿಸುವ ದಾರಿ ಇರಲಿಲ್ಲ. ಆದರೂ ಆ ಪ್ಯಾರಾವನ್ನು ಹೊಸದಾಗಿ ಬರೆದು ಮುಗಿಸಿ ಮಲಗುವಾಗ ರಾತ್ರಿ ಒಂದು ಗಂಟೆ.