ಒಂದು ಬೀಟ್, ಎರಡು ಹಕ್ಕು: ನಿಮ್ಮ ಟ್ಯೂನ್ ಅನ್ನು ಬೇರೆಯವರು ಕದ್ದರೆ ಏನು ಮಾಡಬೇಕು? ಇಲ್ಲಿದೆ ಮಾಹಿತಿ

ಚೆನ್ನೈ: ರಜನಿಕಾಂತ್ ಅಭಿನಯದ 'ಕೂಲಿ' ಚಿತ್ರದ ಟೀಸರ್ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ಅಭಿಮಾನಿಗಳು ಸಂಭ್ರಮಿಸಿದ್ದರು. ಆದರೆ ಕೆಲವೇ ದಿನಗಳಲ್ಲಿ ನಿರ್ಮಾಣ ಸಂಸ್ಥೆ ಸನ್ ಪಿಕ್ಚರ್ಸ್‌ಗೆ ಇಳಯರಾಜ ಅವರಿಂದ ಲೀಗಲ್ ನೋಟಿಸ್ ಹೋಯಿತು. 1983ರ 'ತಂಗ ಮಗನ್' ಚಿತ್ರದ 'ವಾ ವಾ ಪಕ್ಕಂ ವಾ' ಹಾಡಿನ ಸಂಗೀತವನ್ನು ಅನುಮತಿಯಿಲ್ಲದೆ ಟೀಸರ್‌ಗೆ ಬಳಸಲಾಗಿದೆ ಎಂಬುದು ಅವರ ಆಕ್ಷೇಪವಾಗಿತ್ತು.

ಇಳಯರಾಜ ಅವರಿಗೆ ಹೆಸರಿದೆ, ವಕೀಲರಿದ್ದಾರೆ. ಆದರೆ ಮನೆಯ ಒಂದು ಕೋಣೆಯಲ್ಲೇ ಲ್ಯಾಪ್‌ಟಾಪ್ ಮತ್ತು ಕೀಬೋರ್ಡ್ ಇಟ್ಟುಕೊಂಡು ಬೀಟ್ ತಯಾರಿಸಿ ಆನ್‌ಲೈನ್‌ನಲ್ಲಿ ಮಾರುವ ಯುವ ಪ್ರೊಡ್ಯೂಸರ್‌ಗಳ ಗತಿ ಏನು? ಅವರ ಟ್ಯೂನ್ ಮೇಲೆ ಯಾರೋ ರ‍್ಯಾಪ್ ಹಾಡಿ, ಹೆಸರೂ ಹಾಕದೆ ಹಣ ಮಾಡಿಕೊಂಡರೆ ಕೇಳುವವರು ಯಾರು? ಈ ವಿಷಯದಲ್ಲಿ ಕಾನೂನು ದೊಡ್ಡವರಿಗೂ ಸಣ್ಣವರಿಗೂ ಒಂದೇ.

ಎರಡು ಹಕ್ಕು ಎಂದರೇನು?

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯವೇ ಇಲ್ಲದ ಟ್ರ್ಯಾಕ್‌ಗೂ ಪೂರ್ಣ ರಕ್ಷಣೆ ಇದೆ. ಟ್ಯೂನ್ ಒಂದು 'ಸಂಗೀತ ಕೃತಿ'. ಅದರ ಕರ್ತೃ ಸಂಯೋಜಕ. ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ಈ ಹಕ್ಕು ಉಳಿಯುತ್ತದೆ. ಅದೇ ಟ್ಯೂನ್‌ನ ರೆಕಾರ್ಡಿಂಗ್ ಎರಡನೇ ಹಕ್ಕು. ಅದು ಧ್ವನಿಮುದ್ರಣದ ಹೊಣೆ ಹೊತ್ತ ನಿರ್ಮಾಪಕರದ್ದು. ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ.

ಹಾಗಾಗಿ ಫೈಲ್ ಡೌನ್‌ಲೋಡ್ ಮಾಡಿ ಬಳಸಿದರೆ ಎರಡೂ ಹಕ್ಕಿನ ಉಲ್ಲಂಘನೆ. ಫೈಲ್ ಮುಟ್ಟದೆ ಅದೇ ಟ್ಯೂನ್ ಅನ್ನು ಹೊಸದಾಗಿ ನುಡಿಸಿ ಬಳಸಿದರೂ ಸಂಗೀತ ಕೃತಿಯ ಹಕ್ಕಿನ ಪ್ರಶ್ನೆ ಏಳುತ್ತದೆ.

ಸಿನಿಮಾ ಸಂಗೀತದಲ್ಲಿ ಈ ಎರಡು ಹಕ್ಕುಗಳು ಬೇರೆ ಬೇರೆ ಕೈ ಸೇರುವುದರಿಂದಲೇ ಜಗಳ ಜಾಸ್ತಿ. 2025ರಲ್ಲಿ ಅಜಿತ್ ಅಭಿನಯದ 'ಗುಡ್ ಬ್ಯಾಡ್ ಅಗ್ಲಿ' ಚಿತ್ರತಂಡ ಆಡಿಯೋ ಕಂಪನಿಗಳಿಂದ ಅನುಮತಿ ಪಡೆದಿದ್ದೇವೆ ಎಂದಿತ್ತು. ಆದರೂ ಇಳಯರಾಜ ಅವರ ಹಾಡುಗಳನ್ನು ಬಳಸದಂತೆ ಮದ್ರಾಸ್ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಸ್ವಂತ ಖರ್ಚಿನಲ್ಲಿ ಬೀಟ್ ಮಾಡುವವರಿಗೆ ಈ ಗೊಂದಲ ಇಲ್ಲ. ಎರಡೂ ಹಕ್ಕು ಅವರದ್ದೇ, ತಾವಾಗಿ ಬರೆದುಕೊಡುವವರೆಗೆ.

ಎಡವುವುದು ಎಲ್ಲಿ?

ಬಹುತೇಕ ವ್ಯವಹಾರ ನಡೆಯುವುದು ವಾಟ್ಸಾಪ್ ಮತ್ತು ಯುಪಿಐನಲ್ಲಿ. "ಬೀಟ್ ಕಳಿಸು, ಹಣ ಹಾಕ್ತೀನಿ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಮಾರಿದ್ದು ಹಕ್ಕೋ, ಬಳಕೆಯ ಪರವಾನಗಿಯೋ ಎಂಬುದು ಎಲ್ಲೂ ಇರುವುದಿಲ್ಲ. ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸಲಾಗುತ್ತದೆ.

ಹಾಡು ಗೆದ್ದರೂ ಹಣದ ಲೆಕ್ಕ ತಾನಾಗಿಯೇ ಸರಿಹೋಗುವುದಿಲ್ಲ. 2021ರಲ್ಲಿ ದೊಡ್ಡ ಹಿಟ್ ಆದ 'ಎಂಜಾಯ್ ಎಂಜಾಮಿ'ಯಿಂದ ತಮಗೆ ಆದಾಯವೇ ಬಂದಿಲ್ಲ ಎಂದು ಚೆನ್ನೈನ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ 2024ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಹೇಳಿದ್ದರು.

ಇನ್ನೊಂದು ವಿಚಿತ್ರ ಸಮಸ್ಯೆ ಯೂಟ್ಯೂಬ್‌ನ ಕಂಟೆಂಟ್ ಐಡಿ. ಒಂದೇ ಬೀಟ್ ಅನ್ನು ಹತ್ತು ಗಾಯಕರಿಗೆ ಲೀಸ್ ಕೊಟ್ಟಿದ್ದೀರಿ ಎಂದುಕೊಳ್ಳಿ. ಅವರಲ್ಲಿ ಒಬ್ಬರು ತಮ್ಮ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿದರೆ, ಉಳಿದ ಒಂಬತ್ತು ಮಂದಿಯ ಜೊತೆಗೆ ಬೀಟ್ ಮಾಡಿದ ನಿಮ್ಮ ವಿಡಿಯೋಗೂ ಕ್ಲೈಮ್ ಬರಬಹುದು! ಹಾಗಾಗಿ ಲೀಸ್ ಪತ್ರದಲ್ಲಿ 'ಕಂಟೆಂಟ್ ಐಡಿಗೆ ಸೇರಿಸುವಂತಿಲ್ಲ' ಎಂಬ ಸಾಲು ಇರಲೇಬೇಕು.

ಕದ್ದಿದ್ದಾರೆ ಎಂದು ಗೊತ್ತಾದರೆ?

* ಮೊದಲು ಸಾಕ್ಷಿ: ಲಿಂಕ್, ದಿನಾಂಕವಿರುವ ಸ್ಕ್ರೀನ್‌ಶಾಟ್, ವಿಡಿಯೋದ ಪ್ರತಿ ತೆಗೆದಿಟ್ಟುಕೊಳ್ಳಿ. ಜಗಳ ತೆಗೆದರೆ ಅವರು ಪೋಸ್ಟ್ ಅಳಿಸಬಹುದು.

* ಟೇಕ್‌ಡೌನ್ ಅರ್ಜಿ: ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಕಾಪಿರೈಟ್ ದೂರಿನ ಫಾರ್ಮ್ ಇದೆ. ಯೂಟ್ಯೂಬ್‌ನಲ್ಲಿ ಎದುರಾಳಿ ಪ್ರತಿ-ನೋಟಿಸ್ ಕೊಟ್ಟರೆ, 10 ಕೆಲಸದ ದಿನಗಳೊಳಗೆ ನೀವು ಕಾನೂನು ಕ್ರಮ ಕೈಗೊಂಡ ದಾಖಲೆ ತೋರಿಸಬೇಕು. ಇಲ್ಲದಿದ್ದರೆ ವಿಡಿಯೋ ವಾಪಸ್ ಬರಬಹುದು.

* ಭಾರತದ ನಿಯಮ: 2013ರ ಕೃತಿಸ್ವಾಮ್ಯ ನಿಯಮಗಳಲ್ಲೂ ಲಿಖಿತ ದೂರಿಗೆ ಅವಕಾಶ ಇದೆ. ದೂರು ಸರಿಯೆನಿಸಿದರೆ 36 ಗಂಟೆಯೊಳಗೆ ತಡೆಯಬೇಕು. 21 ದಿನದೊಳಗೆ ಕೋರ್ಟ್ ಆದೇಶ ತರುವ ಹೊಣೆ ದೂರುದಾರರದ್ದು.

* ಕೋರ್ಟ್: ಕದ್ದವರು ದೆಹಲಿಯಲ್ಲಿದ್ದರೂ ಸೆಕ್ಷನ್ 62ರ ಅಡಿ ನೀವು ವಾಸವಿರುವ ಊರಿನಲ್ಲೇ ದಾವೆ ಹೂಡಬಹುದು. ಮದ್ರಾಸ್ ಹೈಕೋರ್ಟ್‌ನಲ್ಲಿ 2023ರಿಂದ ಬೌದ್ಧಿಕ ಆಸ್ತಿಗೆಂದೇ ಪ್ರತ್ಯೇಕ ವಿಭಾಗ ಇದೆ.

* ಪೊಲೀಸ್ ದೂರು: ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಜಾಮೀನುರಹಿತ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಎಚ್ಚರಿಕೆ: ಬರೀ ತಾಳ, ವೇಗ ಅಥವಾ ಸಾಮಾನ್ಯ ಕಾರ್ಡ್‌ಗಳು ಒಂದೇ ರೀತಿ ಇದ್ದರೆ ಅದು ಕಳ್ಳತನವಲ್ಲ. ಆಧಾರವಿಲ್ಲದೆ ನೋಟಿಸ್ ಕಳಿಸಿ ಬೆದರಿಸಿದರೆ ಸೆಕ್ಷನ್ 60ರ ಅಡಿ ನಿಮ್ಮ ಮೇಲೆಯೇ ದಾವೆ ಬೀಳಬಹುದು.

'ಕ್ರೆಡಿಟ್ ಕೊಟ್ಟಿದ್ದೇವಲ್ಲ' ಎಂದರೆ?

ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಿದಂತಲ್ಲ. 'ಹತ್ತು ಸೆಕೆಂಡ್ ಬಳಸಿದರೆ ತಪ್ಪಿಲ್ಲ' ಎಂಬ ನಿಯಮವೂ ಭಾರತದ ಕಾನೂನಿನಲ್ಲಿ ಇಲ್ಲ. ಉಚಿತ ಡೌನ್‌ಲೋಡ್ ಎಂದು ಬರೆದಿದ್ದರೂ ಅದರ ಷರತ್ತು ಓದಬೇಕು. ಅನೇಕ ಬೀಟ್‌ಗಳು ಹಣ ಗಳಿಸದ ಬಳಕೆಗೆ ಮಾತ್ರ ಉಚಿತ.

ನೋಂದಣಿ ಕಡ್ಡಾಯವೇ?

ಇಲ್ಲ, ಕೃತಿ ಹುಟ್ಟಿದ ಕ್ಷಣದಿಂದಲೇ ಹಕ್ಕು ಇರುತ್ತದೆ. ಆದರೆ ಮೊದಲು ಮಾಡಿದ್ದು ನಾನೇ ಎಂದು ಸಾಬೀತುಪಡಿಸಲು ನೋಂದಣಿ ನೆರವಾಗುತ್ತದೆ. ಕೇಂದ್ರದ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಂಗೀತ ಕೃತಿಗೆ 500 ರೂ., ಧ್ವನಿಮುದ್ರಣಕ್ಕೆ 2,000 ರೂ. ಶುಲ್ಕ. ಆಕ್ಷೇಪಣೆಗೆ 30 ದಿನ ಕಾಯಬೇಕು. ಪ್ರತಿ ಬೀಟ್‌ಗೂ ಇಷ್ಟು ಖರ್ಚು ಮಾಡಲು ಆಗದಿದ್ದರೆ ಮೂಲ ಪ್ರಾಜೆಕ್ಟ್ ಫೈಲ್ ಮತ್ತು ಪ್ರತಿ ವಾದ್ಯದ ಬೇರೆ ಬೇರೆ ಟ್ರ್ಯಾಕ್‌ಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಕದ್ದವರ ಬಳಿ ಕೊನೆಯ ಆಡಿಯೋ ಇರಬಹುದು, ಈ ಫೈಲ್‌ಗಳು ಇರುವುದಿಲ್ಲ.

ಸಣ್ಣ ತಂಡಗಳು ದೊಡ್ಡ ಸಿನಿಮಾದ ಎದುರು ನಿಲ್ಲಲಾಗದು ಎಂದೇನಿಲ್ಲ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ತಮ್ಮ 'ನವರಸಂ' ಹಾಡನ್ನು ಹೋಲುತ್ತದೆ ಎಂದು ಕೇರಳದ ಬ್ಯಾಂಡ್ ತೈಕ್ಕುಡಂ ಬ್ರಿಡ್ಜ್ ಕೋರ್ಟ್‌ಗೆ ಹೋಗಿತ್ತು. ಚಿತ್ರತಂಡ ಆರೋಪ ನಿರಾಕರಿಸಿತ್ತು, ಮುಂದೆ ಹಾಡು ಮರಳಿ ಬಂತು. ಆದರೆ ಚಿತ್ರ ಓಡುತ್ತಿದ್ದಾಗಲೇ ಕೋಯಿಕ್ಕೋಡ್ ನ್ಯಾಯಾಲಯದ ಆದೇಶದಿಂದ ಹಾಡಿಗೆ ತಡೆ ಬಿದ್ದಿತ್ತು. ಬೆಂಗಳೂರಿನ ಬೀಟ್ ಮೇಕರ್‌ಗಳಿಗೂ ಇರುವುದು ಇದೇ ಕಾಯ್ದೆ. ಮುಂದಿನ ಬೀಟ್ ಕಳಿಸುವ ಮುನ್ನ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಿ.